ರೇಡಿಯೊ ದೂರದರ್ಶಕದ ನೈಜಕಾಲ ಸಂಸ್ಕರಣೆ ಕೈಕೊಟ್ಟಾಗ: ಲಕ್ಷಣದಿಂದ ಮೂಲ ಹುಡುಕುವ ಕೈಪಿಡಿ

ಆಂಟೆನಾದಿಂದ ಬಂದ ಸಂಕೇತವನ್ನು ಅಂಕಿಗಳಾಗಿಸಿ, ಈಥರ್‌ನೆಟ್ ಮೂಲಕ ಸಾಮಾನ್ಯ ಸರ್ವರ್‌ಗಳಿಗೆ ಸಾಗಿಸಿ, ಅಲ್ಲಿನ ಸಿಪಿಯು ಮತ್ತು ಜಿಪಿಯುಗಳಲ್ಲಿ ರೋಹಿತವನ್ನೋ (ಯಾವ ಕಂಪನಾಂಕದಲ್ಲಿ ಎಷ್ಟು ಶಕ್ತಿ ಎಂಬ ಚಿತ್ರ) ಕೋರಿಲೇಶನ್ನನ್ನೋ (ಎರಡು ಆಂಟೆನಾಗಳ ಸಂಕೇತ ಎಷ್ಟು ಹೊಂದುತ್ತದೆ ಎಂಬ ಅಳತೆ) ಆಗಿಂದಾಗಲೇ ಲೆಕ್ಕ ಹಾಕುವ ಪದ್ಧತಿ ಈಗ ಹೊಸದಲ್ಲ. ಪುಣೆ ಸಮೀಪದ ಜಿಎಂಆರ್‌ಟಿಯ 30 ಆಂಟೆನಾಗಳು, ನೆದರ್ಲೆಂಡ್ಸ್‌ನಲ್ಲಿ ಕೇಂದ್ರವಿರುವ ಲೋಫಾರ್, ಕೆನಡಾದ ಚೈಮ್, ಈ ಮೂರೂ ರೇಡಿಯೊ ದೂರದರ್ಶಕಗಳು ಈ ಕೆಲಸಕ್ಕೆ ಜಿಪಿಯುಗಳನ್ನು ದುಡಿಸಿಕೊಳ್ಳುತ್ತವೆ. ಇದಕ್ಕೆಂದೇ ಮಾಡಿಸಿದ ಚಿಪ್‌ಗಳ ಯಂತ್ರಕ್ಕಿಂತ ಇಂಥದ್ದನ್ನು ಬೇಗ ಕಟ್ಟಬಹುದು, ಬೇಗ ಬದಲಿಸಲೂಬಹುದು. ಆದರೆ ಕೆಟ್ಟಾಗ ಎಲ್ಲಿ ಕೆಟ್ಟಿದೆ ಎಂದು ಹೇಳುವುದು ಸುಲಭವಲ್ಲ. ಸಾಮಾನ್ಯ ಕಂಪ್ಯೂಟರ್‌ಗೆ ಗಡುವಿನ ಪರಿವೆಯಿಲ್ಲ, ಆಕಾಶವಾದರೋ ಕಾಯುವುದಿಲ್ಲ.

ಲೆಕ್ಕ ಹಿಡಿಯಲು ಒಂದೇ ಉದಾಹರಣೆಯನ್ನು ಕೊನೆಯವರೆಗೂ ಬಳಸೋಣ. ಬ್ಯಾಂಡ್ ಅಗಲ 400 ಮೆಗಾಹರ್ಟ್ಸ್. ಸೆಕೆಂಡಿಗೆ 80 ಕೋಟಿ ಸ್ಯಾಂಪಲ್. ಪ್ರತಿ ಸ್ಯಾಂಪಲ್‌ಗೆ 8 ಬಿಟ್. ಅಂದರೆ ಒಂದು ಧ್ರುವೀಕರಣಕ್ಕೆ (ಅಲೆ ಕಂಪಿಸುವ ಒಂದು ದಿಕ್ಕಿನ ಸಂಕೇತಕ್ಕೆ) ಸೆಕೆಂಡಿಗೆ 800 ಮೆಗಾಬೈಟ್, ತಂತಿಯ ಮೇಲೆ 6.4 ಗಿಗಾಬಿಟ್. ಪ್ರತಿ ಪ್ಯಾಕೆಟ್‌ನಲ್ಲಿ 8192 ಸ್ಯಾಂಪಲ್ ಇದ್ದರೆ ಸೆಕೆಂಡಿಗೆ ಸುಮಾರು 97,656 ಪ್ಯಾಕೆಟ್ ಬರುತ್ತವೆ, ಒಂದೊಂದೂ 10.24 ಮೈಕ್ರೋಸೆಕೆಂಡಿನ ಆಕಾಶವನ್ನು ಹೊತ್ತಿರುತ್ತದೆ. ಸ್ಯಾಂಪಲ್‌ಗಳಿಂದ ರೋಹಿತ ತೆಗೆಯುವ ಲೆಕ್ಕವಾದ ಎಫ್‌ಎಫ್‌ಟಿಯ ಉದ್ದವೂ 8192 ಎಂದಿಟ್ಟುಕೊಂಡರೆ ಸಿಗುವುದು 4096 ಚಾನೆಲ್, ಅಂದರೆ ಬ್ಯಾಂಡಿನ ಅಷ್ಟು ತುಂಡುಗಳು.

ಮುಟ್ಟುವ ಮೊದಲು

ದೋಷ ಕಂಡ ಕೂಡಲೇ ಯಂತ್ರವನ್ನು ರೀಸ್ಟಾರ್ಟ್ ಮಾಡಬಾರದು. ಮಾಡಿದರೆ ಕರ್ನಲ್‌ನ, ನೆಟ್‌ವರ್ಕ್ ಕಾರ್ಡಿನ ಎಣಿಕೆಗಳೆಲ್ಲ ಸೊನ್ನೆಯಾಗುತ್ತವೆ, ಮುಖ್ಯ ಸಾಕ್ಷ್ಯವೇ ಅಳಿಸಿಹೋಗುತ್ತದೆ. ಮೊದಲು ಆ ಎಣಿಕೆಗಳನ್ನು ಕಡತಕ್ಕೆ ಉಳಿಸಿ, ಒಂದು ಸೆಕೆಂಡಿನಷ್ಟು ಕಚ್ಚಾ ದತ್ತಾಂಶವನ್ನೂ ಎತ್ತಿಡಿ. ನಮ್ಮ ಉದಾಹರಣೆಯಲ್ಲಿ ಅದು 800 ಮೆಗಾಬೈಟ್ ಮಾತ್ರ. ಒಂದು ಸಲಕ್ಕೆ ಒಂದನ್ನೇ ಬದಲಿಸಿ.

ಸುರಕ್ಷತೆಯ ಮಾತು ಕೆಲವೇ ಇವೆ, ಆದರೆ ಯಾವುದನ್ನೂ ಬಿಡುವಂತಿಲ್ಲ. ಆಪ್ಟಿಕಲ್ ಫೈಬರ್‌ನ ತುದಿಯನ್ನು ಕಣ್ಣಿಗೆ ಹಿಡಿದು ಬೆಳಕಿದೆಯೇ ಎಂದು ನೋಡಬಾರದು: 1310 ಮತ್ತು 1550 ನ್ಯಾನೋಮೀಟರ್ ಲೇಸರ್ ಕಣ್ಣಿಗೆ ಕಾಣುವುದಿಲ್ಲ, ಕಣ್ಣನ್ನು ಮಾತ್ರ ಸುಡಬಲ್ಲದು. ಮುಖ್ಯ ವಿದ್ಯುತ್ ತೆಗೆದ ಮೇಲೂ ಯುಪಿಎಸ್‌ನ ಹೊರ ಸಾಕೆಟ್‌ಗಳಲ್ಲಿ ವಿದ್ಯುತ್ ಇರುತ್ತದೆ. ಆಂಟೆನಾದ ಬಳಿ ಹೋಗುವ ಮೊದಲು ಅದನ್ನು ತಿರುಗಿಸುವ ಮೋಟಾರಿನ ವಿದ್ಯುತ್ತನ್ನು ಅಲ್ಲೇ ತೆಗೆದು ಬೀಗ ಹಾಕಬೇಕು. ನಿಯಂತ್ರಣ ಕೊಠಡಿಯವರು ತಿರುಗಿಸುವುದಿಲ್ಲ ಎಂದು ಮಾತು ಕೊಟ್ಟರೆ ಸಾಲದು. ಗುಡುಗು ಕೇಳಿದರೆ ಕೇಬಲ್ ಕೆಲಸ ನಿಲ್ಲಿಸಿ. ಕಾರ್ಡ್‌ಗಳನ್ನು ತೆಗೆಯುವಾಗ ಸ್ಥಾಯೀ ವಿದ್ಯುತ್ ತಡೆಯುವ ಮಣಿಕಟ್ಟಿನ ಪಟ್ಟಿ ಇರಲಿ.

ಲಕ್ಷಣ: ಪರದೆಯ ಮೇಲೆ ಏನೂ ಬರುತ್ತಿಲ್ಲ

ಕಾರ್ಡಿನ ದೀಪ ಉರಿಯುತ್ತಿದೆ, ಪಿಂಗ್‌ಗೆ ಉತ್ತರವೂ ಬರುತ್ತಿದೆ, ಆದರೂ ಪ್ರೋಗ್ರಾಂ ಪ್ಯಾಕೆಟ್‌ಗಾಗಿ ಕಾಯುತ್ತ ಕೂತಿದೆ ಎಂದರೆ ಮೊದಲ ಅನುಮಾನ ಪ್ಯಾಕೆಟ್‌ನ ಗಾತ್ರದ ಮೇಲಿರಲಿ. ಪಿಂಗ್ ಪ್ಯಾಕೆಟ್ ಚಿಕ್ಕದು. ನಮ್ಮದು 8 ಸಾವಿರ ಬೈಟ್ ಮೀರಿದ ಜಂಬೋ ಫ್ರೇಮ್. ಸಂಕೇತವನ್ನು ಅಂಕಿಗಳಾಗಿಸುವ ಡಿಜಿಟೈಜರ್‌ನಿಂದ ಸರ್ವರ್‌ವರೆಗಿನ ದಾರಿಯಲ್ಲಿ ಒಂದೇ ಒಂದು ಸ್ವಿಚ್ ಪೋರ್ಟ್ 1500ರ ಮಿತಿಯಲ್ಲಿ ಉಳಿದಿದ್ದರೂ ದೊಡ್ಡ ಫ್ರೇಮ್‌ಗಳು ಸದ್ದಿಲ್ಲದೆ ಅಲ್ಲೇ ಕಸದ ಬುಟ್ಟಿ ಸೇರುತ್ತವೆ. ದಾರಿಯುದ್ದಕ್ಕೂ ಎಂಟಿಯು (ಪ್ಯಾಕೆಟ್ ಗಾತ್ರದ ಮಿತಿ) 9000 ಇದೆಯೇ ಎಂದು ನೋಡುವುದಕ್ಕೆ ಐದು ನಿಮಿಷ ಸಾಕು.

ಗಾತ್ರ ಸರಿಯಿದ್ದರೆ ಕಾರ್ಡಿಗೆ ಬರುವ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಓಡಿಸಿ. ಅದರಲ್ಲಿ ಪ್ಯಾಕೆಟ್ ಕಾಣದಿದ್ದರೆ ತೊಂದರೆ ಸರ್ವರ್‌ನ ಹೊರಗಿದೆ. ಅದರಲ್ಲಿ ಕಂಡೂ ಪ್ರೋಗ್ರಾಂಗೆ ಸಿಗುತ್ತಿಲ್ಲವಾದರೆ ಕಾರಣ ಸಾಮಾನ್ಯವಾಗಿ ಮೂರರಲ್ಲೊಂದು. ಫೈರ್‌ವಾಲ್ ತಡೆಯುತ್ತಿರಬಹುದು, ಏಕೆಂದರೆ ಟಿಸಿಪಿಡಂಪ್ ನೋಡುವುದು ಫೈರ್‌ವಾಲ್‌ಗಿಂತ ಮುಂಚಿನ ಹಂತದಲ್ಲಿ. ಕಳುಹಿಸುವ ವಿಳಾಸಕ್ಕೆ ಆ ಕಾರ್ಡಿನ ಮೂಲಕ ಹಿಂದಿರುಗುವ ದಾರಿ ಇಲ್ಲವೆಂದು ಲಿನಕ್ಸ್‌ನ ರಿವರ್ಸ್ ಪಾತ್ ಫಿಲ್ಟರ್ ಪ್ಯಾಕೆಟ್ಟನ್ನು ಬಿಸಾಡುತ್ತಿರಬಹುದು. ಡಿಜಿಟೈಜರ್‌ಗೆ ಕೈಗೆ ಬಂದ ವಿಳಾಸ ಕೊಟ್ಟಾಗ ಹೀಗಾಗುತ್ತದೆ. ಅಥವಾ ನೆಟ್‌ವರ್ಕ್ ಕಾರ್ಡ್ ಬದಲಾಗಿದ್ದು, ಡಿಜಿಟೈಜರ್ ಇನ್ನೂ ಹಳೆಯ ಕಾರ್ಡಿನ ಮ್ಯಾಕ್ ವಿಳಾಸಕ್ಕೇ ಕಳುಹಿಸುತ್ತಿರಬಹುದು. ಟಿಸಿಪಿಡಂಪ್ ಕಾರ್ಡನ್ನು ಎಲ್ಲವನ್ನೂ ಕೇಳುವ ಸ್ಥಿತಿಗೆ ತರುವುದರಿಂದ ಪರರ ವಿಳಾಸದ ಪ್ಯಾಕೆಟ್‌ಗಳನ್ನೂ ತೋರಿಸಿಬಿಡುತ್ತದೆ. ಹಾಗಾಗಿ ಸಾಲಿನ ಕೊನೆಯ ಅಂಕಿಗಳನ್ನಷ್ಟೇ ನೋಡಿ ಸಮಾಧಾನಪಡದೆ ಗುರಿ ವಿಳಾಸವನ್ನು ಅಕ್ಷರಕ್ಷರ ಹೋಲಿಸಬೇಕು.

ಲಕ್ಷಣ: ರೋಹಿತ ಬರುತ್ತಿದೆ, ಆಕಾರ ಸರಿಯಿಲ್ಲ

ರೋಹಿತಕ್ಕಿಂತ ಮೊದಲು ಕಚ್ಚಾ ಸ್ಯಾಂಪಲ್‌ಗಳ ಹಿಸ್ಟೋಗ್ರಾಮ್ ಬರೆಯಿರಿ. ಆಕಾಶದ ಗದ್ದಲ ಗಂಟೆಯಾಕಾರದ ವಕ್ರರೇಖೆಯನ್ನೇ ಕೊಡಬೇಕು. 8 ಬಿಟ್‌ನಲ್ಲಿ ಬೆಲೆಗಳು −128ರಿಂದ 127ರವರೆಗೆ ಇರುತ್ತವೆ. ಅವುಗಳ ವರ್ಗಸರಾಸರಿ ಮೂಲ (ಆರ್‌ಎಂಎಸ್) 20ರಿಂದ 30ರ ನಡುವೆ ಇದ್ದರೆ ಗದ್ದಲಕ್ಕೂ ನ್ಯಾಯ, ಹಠಾತ್ತನೆ ಬರುವ ಬಲವಾದ ಸಂಕೇತಕ್ಕೂ ಜಾಗ. ಎರಡೂ ತುದಿಗಳಲ್ಲಿ ಗೋಪುರ ಎದ್ದಿದ್ದರೆ ಎಡಿಸಿ (ಸಂಕೇತವನ್ನು ಅಂಕಿಯಾಗಿಸುವ ಚಿಪ್) ತುಂಬಿ ತುಳುಕುತ್ತಿದೆ, ಅದರ ಮುಂದೆ ಸಂಕೇತ ತಗ್ಗಿಸುವ ಅಟೆನ್ಯುಯೇಟರ್ ಹಾಕಬೇಕು. ಮೂರು ನಾಲ್ಕು ಕಂಬಗಳಷ್ಟೇ ಇದ್ದರೆ ಸಂಕೇತ ತೀರಾ ದುರ್ಬಲವಾಗಿದೆ: ಆಂಟೆನಾ ಕಡೆಯ ಆಂಪ್ಲಿಫೈಯರ್‌ಗೆ ವಿದ್ಯುತ್ ಹೋಗುತ್ತಿಲ್ಲವೆಂದೇ ಮೊದಲು ಶಂಕಿಸಬೇಕು. ಬಾಚಣಿಗೆಯಂತೆ ಒಂದು ಬಿಟ್ಟು ಒಂದು ಕಂಬ ಕಾಣೆಯಾಗಿದ್ದರೆ ಯಾವುದೋ ಬಿಟ್ ಅಂಟಿಕೊಂಡಿದೆ ಅಥವಾ ಪ್ಯಾಕೆಟ್ ಬಿಚ್ಚುವ ಕೋಡ್ ತಪ್ಪಿದೆ.

ರೋಹಿತದಲ್ಲಿ ಸರಿಯಾಗಿ 200 ಮೆಗಾಹರ್ಟ್ಸ್‌ನಲ್ಲಿ, ಬ್ಯಾಂಡಿನ ಅಂಚಿನ 400ರಲ್ಲಿ ಚೂಪಾದ ಗೆರೆ ನಿಂತಿದ್ದರೆ ಅದು ಆಕಾಶದ್ದಲ್ಲ. ನಾಲ್ಕು ಒಳ ಎಡಿಸಿಗಳು ಸರದಿಯಲ್ಲಿ ಕೆಲಸ ಮಾಡುವ ಚಿಪ್‌ನಲ್ಲಿ ಅವುಗಳ ಸೊನ್ನೆಮಟ್ಟ ಹೊಂದದಿದ್ದಾಗ ಸ್ಯಾಂಪಲಿಂಗ್ ದರದ ನಾಲ್ಕನೇ ಒಂದು ಮತ್ತು ಎರಡನೇ ಒಂದು ಭಾಗದಲ್ಲೇ ಹೀಗೆ ಗೆರೆ ಏಳುತ್ತದೆ. ಎಡಿಸಿಯನ್ನು ಮತ್ತೆ ಕ್ಯಾಲಿಬ್ರೇಟ್ ಮಾಡಿದರೆ ಸಾಮಾನ್ಯವಾಗಿ ಇಳಿಯುತ್ತದೆ.

ರೋಹಿತ ಕನ್ನಡಿಯಲ್ಲಿ ನೋಡಿದಂತೆ ತಿರುಗಿಕೊಂಡಿರುವುದೂ ಉಂಟು. 400ರಿಂದ 800 ಮೆಗಾಹರ್ಟ್ಸ್‌ವರೆಗಿನ ಎರಡನೇ ನೈಕ್ವಿಸ್ಟ್ ವಲಯವನ್ನು (ಸ್ಯಾಂಪಲಿಂಗ್ ದರದ ಅರ್ಧದಿಂದ ಪೂರ್ತಿಯವರೆಗಿನ ಭಾಗವನ್ನು) ನೇರ ಸ್ಯಾಂಪಲ್ ಮಾಡಿದಾಗ 500ರ ಸಂಕೇತ 300ರಲ್ಲಿ ಕಾಣುತ್ತದೆ. ಸಿಗ್ನಲ್ ಜನರೇಟರ್‌ನಿಂದ ಮೊದಲು 500, ಆಮೇಲೆ 510 ಮೆಗಾಹರ್ಟ್ಸ್ ಕೊಡಿ; ಗೆರೆ ಎಡಕ್ಕೆ ಸರಿದರೆ ರೋಹಿತ ತಿರುಗಿದೆ. ಜನರೇಟರ್ ಜೋಡಿಸುವ ಮೊದಲು ಕೇಬಲ್‌ನಲ್ಲಿ ಆಂಪ್ಲಿಫೈಯರ್‌ಗೆಂದು ಹರಿಯುವ ಡಿಸಿ ವೋಲ್ಟೇಜನ್ನು ತೆಗೆಯದಿದ್ದರೆ ಜನರೇಟರ್ ಸುಟ್ಟುಹೋಗಬಹುದು.

ಲಕ್ಷಣ: ಪ್ಯಾಕೆಟ್‌ಗಳು ಕಳೆದುಹೋಗುತ್ತಿವೆ

ಇಲ್ಲಿಯೇ ಹೆಚ್ಚಿನ ಸಮಯ ಹೋಗುತ್ತದೆ, ಹೋಗಬೇಕಾದದ್ದೂ ಇಲ್ಲಿಯೇ. ಪ್ರತಿ ಪ್ಯಾಕೆಟ್‌ನ ತಲೆಯಲ್ಲಿ ಕ್ರಮಸಂಖ್ಯೆ ಇರುತ್ತದೆ. ಅದರಲ್ಲಿನ ಬಿರುಕುಗಳನ್ನು ಎಣಿಸದ ಪ್ರೋಗ್ರಾಂ ಇದ್ದರೆ ಮೊದಲು ಆ ಎಣಿಕೆಯನ್ನು ಬರೆಯಿರಿ, ಉಳಿದದ್ದು ಆಮೇಲೆ. ಈ ಪ್ಯಾಕೆಟ್‌ಗಳು ಬರುವ ಯುಡಿಪಿ ವಿಧಾನದಲ್ಲಿ ಕಳೆದದ್ದನ್ನು ಯಾರೂ ಮತ್ತೆ ಕಳುಹಿಸುವುದಿಲ್ಲ, ಕಳೆಯಿತೆಂದು ಹೇಳುವವರೂ ಇಲ್ಲ.

ಎಲ್ಲಿ ಕಳೆಯುತ್ತಿದೆ ಎಂಬುದನ್ನು ನಾಲ್ಕು ಎಣಿಕೆಗಳು ಹೇಳುತ್ತವೆ. ಈಥ್‌ಟೂಲ್ ಆದೇಶ ತೋರಿಸುವ ಸಿಆರ್‌ಸಿ ದೋಷಗಳು (ದಾರಿಯಲ್ಲಿ ಕೆಟ್ಟ ಫ್ರೇಮ್‌ಗಳು) ಏರುತ್ತಿದ್ದರೆ ಕೇಬಲ್, ಫೈಬರ್‌ನ ಕೊಳಕು ತುದಿ ಅಥವಾ ಟ್ರಾನ್ಸೀವರ್ ಕಾರಣ. ಒರೆಸಿ, ಬದಲಿಸಿ, ಮುಂದೆ ನಡೆಯಿರಿ. ಕಾರ್ಡಿನ 'ತಪ್ಪಿದ ಪ್ಯಾಕೆಟ್' ಎಣಿಕೆ ಏರುತ್ತಿದ್ದರೆ ಕಾರ್ಡಿನ ಉಂಗುರ ಬಫರ್ ತುಂಬುವಷ್ಟರಲ್ಲಿ ಕರ್ನಲ್ ಅದನ್ನು ಖಾಲಿ ಮಾಡುತ್ತಿಲ್ಲ. ಉಂಗುರವನ್ನು ಗರಿಷ್ಠಕ್ಕೆ ಏರಿಸಿ, ಕಾರ್ಡಿನ ಇಂಟರಪ್ಟ್ ಯಾವ ಕೋರ್‌ಗೆ ಬೀಳುತ್ತಿದೆ, ಆ ಕೋರ್‌ನಲ್ಲಿ ಬೇರೆ ಯಾವ ಕೆಲಸ ನಡೆದಿದೆ ಎಂದು ನೋಡಿ. ಕರ್ನಲ್‌ನ ಯುಡಿಪಿ ಲೆಕ್ಕದಲ್ಲಿ ಸ್ವೀಕೃತಿ ಬಫರ್ ದೋಷ ಏರುತ್ತಿದ್ದರೆ ತಪ್ಪು ನಮ್ಮದೇ ಪ್ರೋಗ್ರಾಮಿನದು, ಅದು ಸಾಕಷ್ಟು ಬೇಗ ಓದುತ್ತಿಲ್ಲ. ಈ ಮೂರೂ ಸೊನ್ನೆಯಾಗಿದ್ದು ಕ್ರಮಸಂಖ್ಯೆಯಲ್ಲಿ ಮಾತ್ರ ಬಿರುಕು ಇದ್ದರೆ ಪ್ಯಾಕೆಟ್ ಸರ್ವರ್‌ಗೆ ಬಂದೇ ಇಲ್ಲ. ಸ್ವಿಚ್ ಪೋರ್ಟಿನ ಎಣಿಕೆಗೆ ಹೋಗಿ. ಹಲವು ಆಂಟೆನಾಗಳು ಒಂದೇ ಕ್ಷಣದಲ್ಲಿ ಒಂದೇ ಸರ್ವರ್‌ಗೆ ಸುರಿದಾಗ ಸರಾಸರಿ ದರ ಮಿತಿಯೊಳಗಿದ್ದರೂ ಸ್ವಿಚ್‌ನ ಬಫರ್ ಆ ಕ್ಷಣಕ್ಕೆ ಉಕ್ಕುತ್ತದೆ. ಕಳುಹಿಸುವ ಹೊತ್ತನ್ನು ಆಂಟೆನಾದಿಂದ ಆಂಟೆನಾಕ್ಕೆ ತುಸು ಹಿಂದುಮುಂದು ಮಾಡುವುದೇ ಪರಿಹಾರ.

ಸ್ವೀಕೃತಿ ಬಫರ್ ಬಗ್ಗೆ ಒಂದು ಲೆಕ್ಕ. ಲಿನಕ್ಸ್‌ನಲ್ಲಿ ಅದರ ಗರಿಷ್ಠ ಮಿತಿ ಹೆಚ್ಚಿನ ಕಡೆ ತಾನಾಗಿ 212,992 ಬೈಟ್ ಇರುತ್ತದೆ. ಸೆಕೆಂಡಿಗೆ 800 ಮೆಗಾಬೈಟ್ ಬರುವಾಗ ಅದು ತುಂಬುವುದಕ್ಕೆ ಹಿಡಿಯುವ ಹೊತ್ತು ಒಂದು ಮಿಲಿಸೆಕೆಂಡಿನ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಓದುವ ಥ್ರೆಡ್ಡನ್ನು ಅಷ್ಟು ಹೊತ್ತು ಶೆಡ್ಯೂಲರ್ ಬದಿಗಿಟ್ಟರೂ ಸಾಕು, ನಷ್ಟ ಆಗಿಯೇ ಹೋಯಿತು. ಮಿತಿಯನ್ನು ನೂರಾರು ಮೆಗಾಬೈಟ್‌ಗೆ ಏರಿಸುವುದು ಒಂದು ಸಾಲಿನ ಕೆಲಸ. ಮಿತಿ ಏರಿಸಿದರಷ್ಟೇ ಸಾಲದು, ಪ್ರೋಗ್ರಾಂ ಕೂಡ ಸಾಕೆಟ್ ತೆರೆಯುವಾಗ ಅಷ್ಟನ್ನು ಕೇಳಿ ಪಡೆಯಬೇಕು; ಇದನ್ನು ಮರೆಯುವವರು ಬಹಳ.

ಆಮೇಲೆ ಬರುವುದು ಮೆಮೊರಿಯ ಸ್ಥಾನ. ಎರಡು ಸಿಪಿಯು ಇರುವ ಸರ್ವರ್‌ನಲ್ಲಿ ನೆಟ್‌ವರ್ಕ್ ಕಾರ್ಡ್ ಒಂದು ಸಿಪಿಯುಗೆ ಅಂಟಿಕೊಂಡಿದ್ದು, ಓದುವ ಥ್ರೆಡ್ ಅಥವಾ ಅದರ ಬಫರ್ ಇನ್ನೊಂದರ ಕಡೆ ಇದ್ದರೆ ಪ್ರತಿ ಬೈಟ್ ಎರಡರ ನಡುವಿನ ಸೇತುವೆ ದಾಟಬೇಕು. ಥ್ರೆಡ್, ಬಫರ್, ಕಾರ್ಡ್ ಮೂರನ್ನೂ ಒಂದೇ ಕಡೆ ಕಟ್ಟಿಹಾಕಿ. ಸಿಪಿಯುವನ್ನು ವಿದ್ಯುತ್ ಉಳಿತಾಯದ ಸ್ಥಿತಿಯಿಂದ ಪೂರ್ಣ ವೇಗದ ಸ್ಥಿತಿಗೆ ತನ್ನಿ.

ನಷ್ಟ ನಿಯತ ಅವಧಿಗೊಮ್ಮೆ ಆಗುತ್ತಿದ್ದರೆ ಹೊತ್ತನ್ನು ಬರೆದಿಡಿ. ಪ್ರತಿ ಗಂಟೆಯ ತುದಿಯಲ್ಲಿ ಎರಡು ಮೂರು ಸೆಕೆಂಡು ಮಾತ್ರ ಪ್ಯಾಕೆಟ್ ಕಳೆಯುವ ಸರ್ವರ್ ಒಂದರ ಮೇಲೆ ನಾನು ಎರಡು ದಿನ ಡ್ರೈವರ್‌ನ ಒಳಹೊಕ್ಕು ಹುಡುಕಿದ್ದೆ. ಕೊನೆಗೆ ಸಿಕ್ಕಿದ್ದು ಗಂಟೆಗೊಮ್ಮೆ ಲಾಗ್ ಕಡತಗಳನ್ನು ಕುಗ್ಗಿಸಿಡುವ, ಇಂಟರಪ್ಟ್ ಬೀಳುವ ಕೋರ್‌ನಲ್ಲೇ ಓಡುತ್ತಿದ್ದ ಮೂರು ಸಾಲಿನ ಸ್ಕ್ರಿಪ್ಟ್. ಹಾಗೆಯೇ ಯಂತ್ರ ಶುರುವಾದ 12 ಗಂಟೆ 13 ನಿಮಿಷಕ್ಕೆ ಪ್ರತಿ ಸಲವೂ ಎಲ್ಲ ನಿಲ್ಲುತ್ತದೆ ಎಂದರೆ ಅದು ನೆಟ್‌ವರ್ಕ್ ತೊಂದರೆಯೇ ಅಲ್ಲ. 32 ಬಿಟ್‌ನ ಕ್ರಮಸಂಖ್ಯೆ ನಮ್ಮ ದರದಲ್ಲಿ ಸರಿಯಾಗಿ ಅಷ್ಟು ಹೊತ್ತಿಗೆ ತುಂಬಿ ಸೊನ್ನೆಗೆ ಮರಳುತ್ತದೆ, ಪ್ರೋಗ್ರಾಂ ಅದನ್ನು ಭಾರಿ ನಷ್ಟವೆಂದು ತಿಳಿಯುತ್ತದೆ.

ಎಷ್ಟು ನಷ್ಟವನ್ನು ಸಹಿಸಬಹುದು? ಸೆಕೆಂಡಿಗೆ ಹತ್ತು ಪ್ಯಾಕೆಟ್ ಹೋದರೆ ಶೇಕಡಾ 0.01. ಸರಾಸರಿ ರೋಹಿತಕ್ಕೆ ಅದು ಲೆಕ್ಕಕ್ಕೇ ಬಾರದು. ಆದರೆ ಕಳೆದ ಪ್ಯಾಕೆಟ್‌ನ ಜಾಗದಲ್ಲಿ ಸೊನ್ನೆ ತುಂಬಿ, ಅಲ್ಲಿ ದತ್ತಾಂಶವಿಲ್ಲ ಎಂದು ಗುರುತು ಹಾಕಿರಲೇಬೇಕು. ಬಂದದ್ದನ್ನು ಬಂದಂತೆ ಒಂದರ ಹಿಂದೊಂದು ಜೋಡಿಸುತ್ತ ಹೋದರೆ ಏನಾಗುತ್ತದೆ ಎಂಬುದನ್ನು ಪಲ್ಸಾರ್‌ನ (ನಿಯತ ಅವಧಿಗೆ ಮಿಡಿಯುವ ನಕ್ಷತ್ರದ) ಭಾಗದಲ್ಲಿ ನೋಡೋಣ.

ಲಕ್ಷಣ: ಕೆಲವು ನಿಮಿಷ ಚೆನ್ನಾಗಿ ನಡೆದು ಆಮೇಲೆ ಕುಸಿಯುತ್ತದೆ

ಕುಸಿಯುವವರೆಗಿನ ಹೊತ್ತೇ ಇಲ್ಲಿ ಅಳತೆಗೋಲು. 64 ಗಿಗಾಬೈಟ್‌ನ ಬಫರ್ ಇದ್ದು, ಪ್ರತಿ ಸಲ ಸುಮಾರು 640 ಸೆಕೆಂಡಿಗೆ ಉಕ್ಕುತ್ತಿದ್ದರೆ ಸೆಕೆಂಡಿಗೆ 100 ಮೆಗಾಬೈಟ್ ಕೊರತೆ ಬೀಳುತ್ತಿದೆ, ಅಂದರೆ ಮುಂದಿನ ಹಂತ 800ರ ಬದಲು 700ನ್ನಷ್ಟೇ ನುಂಗುತ್ತಿದೆ. ಬಫರ್ ಇಮ್ಮಡಿಸಿದರೆ ಕುಸಿತ 1280 ಸೆಕೆಂಡಿಗೆ ಮುಂದೂಡಿದಂತಾಯಿತೇ ಹೊರತು ವಾಸಿಯಾದಂತಲ್ಲ.

ಡಿಸ್ಕ್‌ಗೆ ಬರೆಯುವುದನ್ನು ನಿಲ್ಲಿಸಿ, ದತ್ತಾಂಶವನ್ನು ಎಸೆದುಬಿಡುವಂತೆ ಮಾಡಿ ನೋಡಿ. ಕುಸಿತ ನಿಂತರೆ ಡಿಸ್ಕ್ ಕಾರಣ. ಅನೇಕ ಎಸ್‌ಎಸ್‌ಡಿಗಳು ತಮ್ಮ ವೇಗದ ಕ್ಯಾಶ್ ತುಂಬುವವರೆಗೆ ಒಂದು ವೇಗದಲ್ಲಿ, ತುಂಬಿದ ಮೇಲೆ ಅದಕ್ಕಿಂತ ಬಹಳ ಕಡಿಮೆ ವೇಗದಲ್ಲಿ ಬರೆಯುತ್ತವೆ. ಪೆಟ್ಟಿಗೆಯ ಮೇಲೆ ಅಚ್ಚಾಗಿರುವುದು ಮೊದಲನೆಯದು. ಒಂದು ಗಂಟೆಯ ಕಚ್ಚಾ ದತ್ತಾಂಶ 2.88 ಟೆರಾಬೈಟ್ ಆಗುವುದರಿಂದ ಪರೀಕ್ಷೆಯನ್ನೂ ಒಂದು ನಿಮಿಷಕ್ಕೆ ಮುಗಿಸಬಾರದು. ಕುಸಿತ ನಿಲ್ಲದಿದ್ದರೆ ಮುಂದಿನ ಭಾಗಕ್ಕೆ ಬನ್ನಿ.

ಲಕ್ಷಣ: ಜಿಪಿಯು ಹಿಂದೆ ಬೀಳುತ್ತಿದೆ

ನಿಜ ಹೇಳಬೇಕೆಂದರೆ ಎಲ್ಲರೂ ಮೊದಲು ದೂರುವುದು ಜಿಪಿಯುವನ್ನು, ನನ್ನ ಅನುಭವದಲ್ಲಿ ಅದು ತಪ್ಪಿತಸ್ಥನಾಗುವುದು ಕೊನೆಗೆ. ಅಳೆದು ನೋಡಿ. 13,42,17,728 ಸ್ಯಾಂಪಲ್‌ಗಳ ಒಂದು ಕಂತು ಆಕಾಶದಿಂದ ಬರಲು 0.168 ಸೆಕೆಂಡು ಬೇಕು. ಆ ಕಂತಿನ ಎಲ್ಲ ಕೆಲಸ, ಸಾಗಣೆಯೂ ಸೇರಿ, ಅದರೊಳಗೆ ಮುಗಿಯಬೇಕು. 0.13ರಲ್ಲಿ ಮುಗಿದರೆ ನಿಶ್ಚಿಂತೆ, 0.16 ಆದರೆ ಇವತ್ತಲ್ಲ ನಾಳೆ ಎಡವುತ್ತದೆ.

ಲೆಕ್ಕಕ್ಕಿಂತ ಸಾಗಣೆಗೇ ಹೆಚ್ಚು ಹೊತ್ತು ಹೋಗುತ್ತಿದ್ದರೆ ಪಿಸಿಐ ಎಕ್ಸ್‌ಪ್ರೆಸ್ ಕೊಂಡಿಯ ಅಗಲ ನೋಡಿ. ಕಾರ್ಡ್ ಸರಿಯಾಗಿ ಕೂರದಿದ್ದರೆ 16 ಲೇನ್‌ನ ಬದಲು 4 ಲೇನ್‌ನಲ್ಲೇ ನಡೆಯುತ್ತದೆ, ಯಾರಿಗೂ ದೂರು ಹೇಳುವುದಿಲ್ಲ. ಸುಮ್ಮನಿರುವ ಜಿಪಿಯು ವಿದ್ಯುತ್ ಉಳಿಸಲು ಕೊಂಡಿಯ ವೇಗವನ್ನು ತಾನೇ ಇಳಿಸುತ್ತದೆ, ಆದ್ದರಿಂದ ಕೆಲಸದ ಹೊರೆಯಿರುವಾಗಲೇ ನೋಡಬೇಕು. ಸಾಗಣೆಯ ಬಫರ್ ಪುಟಬಂಧಿತವಲ್ಲದ (ಜಾಗ ಬದಲಿಸದಂತೆ ಕಟ್ಟಿಹಾಕಿರದ) ಸಾಮಾನ್ಯ ಮೆಮೊರಿಯಾಗಿದ್ದರೆ ಪ್ರತಿ ಕಂತು ಎರಡು ಸಲ ನಕಲಾಗುತ್ತದೆ. ಲೆಕ್ಕವೇ ನಿಧಾನವಾಗಿದ್ದು, ಮಧ್ಯಾಹ್ನ ಹೆಚ್ಚು, ರಾತ್ರಿ ಕಡಿಮೆ ಎಂಬಂತಿದ್ದರೆ ಅದು ಶಾಖ: ಜಿಪಿಯು ಗಡಿಯಾರದ ವೇಗ ಇಳಿಸಿಕೊಳ್ಳುತ್ತಿದೆಯೇ ನೋಡಿ, ಧೂಳು ತೆಗೆಯಿರಿ. ಕರ್ನಲ್ ಲಾಗ್‌ನಲ್ಲಿ ಮೆಮೊರಿ ದೋಷಗಳು ಮತ್ತೆ ಮತ್ತೆ ಬರುತ್ತಿದ್ದರೆ ಕೋಡ್ ತಿದ್ದುವುದನ್ನು ಬಿಟ್ಟು ಕಾರ್ಡ್ ಬದಲಿಸಿ.

ಆಂಟೆನಾ ಹೆಚ್ಚಿಸಿದ ಮೇಲೆ ತೊಂದರೆ ಶುರುವಾಗಿದ್ದರೆ ಕಾರಣ ಗಣಿತದ್ದೇ. 15 ಆಂಟೆನಾಗಳಲ್ಲಿ 105 ಜೋಡಿ, 30ರಲ್ಲಿ 435 ಜೋಡಿ; ಪ್ರತಿ ಜೋಡಿಗೂ ಕೋರಿಲೇಶನ್ ಲೆಕ್ಕ ಹಾಕಬೇಕು.

ಲಕ್ಷಣ: ಎರಡು ಆಂಟೆನಾಗಳ ನಡುವೆ ಕೋರಿಲೇಶನ್ ಸಿಗುತ್ತಿಲ್ಲ

ಪ್ರತಿ ಆಂಟೆನಾದ ರೋಹಿತ ಪ್ರತ್ಯೇಕವಾಗಿ ಚೆನ್ನಾಗಿದ್ದೂ ಜೋಡಿಯಲ್ಲಿ ಬರೀ ಗದ್ದಲವಿದ್ದರೆ ಅದು ಕಾಲದ ತೊಂದರೆ. ಫೇಸ್‌ನ (ಒಂದು ಅಲೆ ಇನ್ನೊಂದಕ್ಕಿಂತ ಎಷ್ಟು ಹಿಂದುಮುಂದು ಎಂಬ ಕೋನದ) ಚಿತ್ರ ಓದಲು ಬಂದರೆ ಉಳಿದದ್ದು ಸಲೀಸು. ಬ್ಯಾಂಡಿನ ಒಂದು ತುದಿಯಿಂದ ಇನ್ನೊಂದಕ್ಕೆ ಫೇಸ್ ಇಳಿಜಾರಾಗಿ 180 ಡಿಗ್ರಿ ಬದಲಾದರೆ ಒಂದು ಆಂಟೆನಾ ಇನ್ನೊಂದಕ್ಕಿಂತ ಸರಿಯಾಗಿ ಒಂದು ಸ್ಯಾಂಪಲ್, ಅಂದರೆ 1.25 ನ್ಯಾನೋಸೆಕೆಂಡ್, ಹಿಂದಿದೆ. ಕಡಿದಾದಷ್ಟೂ ಹೆಚ್ಚು ಸ್ಯಾಂಪಲ್. ಒಂದಿಡೀ ಪ್ಯಾಕೆಟ್ ಜಾರಿದ್ದರೆ ಎರಡು ಎಫ್‌ಎಫ್‌ಟಿ ಕಿಟಕಿಗಳು ಒಂದೇ ಆಕಾಶವನ್ನು ನೋಡುತ್ತಿಲ್ಲ, ಕೋರಿಲೇಶನ್ ಪೂರ್ತಿ ಮಾಯವಾಗುತ್ತದೆ. ಹಾಗಿದ್ದಾಗ ಎರಡೂ ಡಿಜಿಟೈಜರ್‌ಗಳು ಗಡಿಯಾರದ ಒಂದೇ ಸೆಕೆಂಡ್ ಮಿಡಿತದ ಮೇಲೆ ಶುರುವಾದವೇ ಎಂದು ಮೊದಲು ನೋಡಿ.

ಬ್ಯಾಂಡಿನುದ್ದಕ್ಕೂ ಫೇಸ್ ಸಮತಟ್ಟಾಗಿದ್ದು, ಹೊತ್ತು ಕಳೆದಂತೆ ಏಕರೀತಿಯಲ್ಲಿ ಸುತ್ತುತ್ತಿದ್ದರೆ ಒಂದು ಗಡಿಯಾರ 10 ಮೆಗಾಹರ್ಟ್ಸ್‌ನ ಸಾಮಾನ್ಯ ಆಕರಕ್ಕೆ ಬೀಗ ಕಳಚಿಕೊಂಡಿದೆ. ಹೈಡ್ರೋಜನ್ ರೇಖೆಯ 1420 ಮೆಗಾಹರ್ಟ್ಸ್‌ನಲ್ಲಿ ಶತಕೋಟಿಯಲ್ಲಿ ಒಂದು ಭಾಗದ ವ್ಯತ್ಯಾಸ ಸೆಕೆಂಡಿಗೆ 1.42 ಸುತ್ತು ಕೊಡುತ್ತದೆ. ಹತ್ತು ಸೆಕೆಂಡು ಸರಾಸರಿ ಮಾಡಿದರೆ ಏನೂ ಉಳಿಯುವುದಿಲ್ಲ. ಬೀಗದ ದೀಪ, ಕೇಬಲ್ ನೋಡಿದ ಮೇಲೂ ಸರಿಯಾಗದಿದ್ದರೆ ಆಕರ ಗಡಿಯಾರವನ್ನು ನೀವೇ ಬಿಚ್ಚಬೇಡಿ. ಮೇಸರ್ ಆಗಲಿ ರುಬಿಡಿಯಂ ಆಗಲಿ, ಅದನ್ನು ಬಲ್ಲವರೇ ಮುಟ್ಟಲಿ.

ಲಕ್ಷಣ: ಪಲ್ಸಾರ್ ಮಿಡಿತ ಮಸುಕಾಗಿದೆ

ಮೊದಲ ಪರೀಕ್ಷೆಗೆ ಬಲವಾದ, ಅವಧಿ ಗೊತ್ತಿರುವ ಪಲ್ಸಾರ್ ಸಾಕು: ಉತ್ತರದಲ್ಲಿ ಬಿ0329+54, ಅವಧಿ 0.7145 ಸೆಕೆಂಡ್, ದಕ್ಷಿಣದಲ್ಲಿ ವೇಲಾ, 0.089 ಸೆಕೆಂಡ್. ಒಂದು ನಿಮಿಷದ್ದನ್ನು ಮಡಚಿದಾಗ, ಅಂದರೆ ಅವಧಿಯಷ್ಟುದ್ದದ ತುಂಡುಗಳನ್ನು ಒಂದರ ಮೇಲೊಂದು ಕೂಡಿಸಿದಾಗ, ಮಿಡಿತ ಚೂಪಾಗಿದ್ದು, ಹತ್ತು ನಿಮಿಷ ಮಡಚಿದಾಗ ಮಸುಕಾದರೆ ಕಾಲ ಸೋರುತ್ತಿದೆ. ಶೇಕಡಾ 0.01 ಪ್ಯಾಕೆಟ್ ಕಳೆದು, ಅವುಗಳ ಜಾಗದಲ್ಲಿ ಸೊನ್ನೆ ತುಂಬದೆ ಉಳಿದದ್ದನ್ನು ಒತ್ತಾಗಿ ಜೋಡಿಸಿದ್ದರೆ ಹತ್ತು ನಿಮಿಷದಲ್ಲಿ ಮಾಯವಾಗುವುದು 0.06 ಸೆಕೆಂಡ್. ಅದು ವೇಲಾದ ಅವಧಿಯ ಮೂರನೇ ಎರಡು ಭಾಗ. ರೋಹಿತದಲ್ಲಿ ಯಾರ ಕಣ್ಣಿಗೂ ಬೀಳದ ನಷ್ಟ ಇಲ್ಲಿ ಮಿಡಿತವನ್ನೇ ಅಳಿಸಿಹಾಕುತ್ತದೆ.

ಮಿಡಿತ ಕಡಿಮೆ ಕಂಪನಾಂಕದಲ್ಲಿ ತಡವಾಗಿ ಬರಬೇಕು. ಬೇಗ ಬರುತ್ತಿದ್ದರೆ ರೋಹಿತ ತಿರುಗಿದೆ, ಎರಡನೇ ಲಕ್ಷಣಕ್ಕೆ ಹಿಂದಿರುಗಿ. ಎಲ್ಲ ಕಂಪನಾಂಕಗಳಲ್ಲೂ ಒಂದೇ ಕ್ಷಣಕ್ಕೆ ಬರುತ್ತಿದ್ದು, ಅವಧಿ 10 ಅಥವಾ 20 ಮಿಲಿಸೆಕೆಂಡ್ ಇದ್ದರೆ ನೀವು ಮಡಚುತ್ತಿರುವುದು 50 ಹರ್ಟ್ಸ್‌ನ ಮನೆ ವಿದ್ಯುತ್ತನ್ನು.

ಲಕ್ಷಣ: ಎಷ್ಟು ಹೊತ್ತು ಸರಾಸರಿ ಮಾಡಿದರೂ ಗದ್ದಲ ಇಳಿಯುತ್ತಿಲ್ಲ

ಗದ್ದಲ ಬ್ಯಾಂಡ್ ಅಗಲ ಮತ್ತು ಕಾಲದ ಗುಣಲಬ್ಧದ ವರ್ಗಮೂಲಕ್ಕೆ ವಿಲೋಮವಾಗಿ ಇಳಿಯಬೇಕು. ನಮ್ಮ 97.66 ಕಿಲೋಹರ್ಟ್ಸ್ ಚಾನೆಲ್‌ನಲ್ಲಿ 10 ಸೆಕೆಂಡಿಗೆ ಸುಮಾರು ಸಾವಿರದಲ್ಲಿ ಒಂದು ಭಾಗ, 1000 ಸೆಕೆಂಡಿಗೆ ಹತ್ತು ಸಾವಿರದಲ್ಲಿ ಒಂದು ಭಾಗ. ಆಂಟೆನಾ ಕಳಚಿ, ಆ ಜಾಗದಲ್ಲಿ 50 ಓಮ್ ಟರ್ಮಿನೇಶನ್ (ಆಂಟೆನಾ ಬದಲಿನ ರೋಧಕ) ಹಾಕಿ ಮತ್ತೆ ಅಳೆಯಿರಿ. ಈಗ ಸರಿಯಾಗಿ ಇಳಿದರೆ ತೊಂದರೆ ಹೊರಗಿನ ಹಸ್ತಕ್ಷೇಪದ್ದು, ಅದರಲ್ಲಿ ನಿಮ್ಮದೇ ಸರ್ವರ್‌ಗಳ ಪಾಲು ಎಷ್ಟೆಂದು ಅವುಗಳನ್ನು ಒಂದೊಂದಾಗಿ ಆರಿಸಿ ನೋಡಬೇಕು. ಟರ್ಮಿನೇಶನ್ ಮೇಲೂ ಇಳಿಯದೆ, ಎರಡು ಮೂರು ನಿಮಿಷದ ಸುಮಾರಿಗೆ ಇಳಿಕೆ ನಿಂತುಬಿಟ್ಟರೆ ಕೋಡ್ ನೋಡಿ. 32 ಬಿಟ್ ಫ್ಲೋಟ್‌ನಲ್ಲಿ ಮೊತ್ತ ಕೂಡಿಸುತ್ತ ಹೋದರೆ ಅದರ ನಿಖರತೆ 24 ಬಿಟ್‌ಗೆ ಮುಗಿಯುತ್ತದೆ. 1,67,77,216 ರೋಹಿತಗಳಾಗುವಷ್ಟರಲ್ಲಿ, ಅಂದರೆ 172 ಸೆಕೆಂಡಿಗೆ, ಹೊಸದಾಗಿ ಕೂಡಿಸಿದ್ದು ಹತ್ತಿರದ ಬೆಲೆಗೆ ಹೊಂದಿಸುವಾಗಲೇ ಕರಗಿಹೋಗುತ್ತಿರುತ್ತದೆ. ಒಂದೊಂದು ಸೆಕೆಂಡಿನ ಮೊತ್ತವನ್ನು ಬೇರೆಯಾಗಿ ತೆಗೆದು, ಅವನ್ನು 64 ಬಿಟ್‌ನಲ್ಲಿ ಕೂಡಿಸಿದರೆ ಇದು ಹೋಗುತ್ತದೆ.

ಬೇರೆಯವರ ಸಹಾಯ ಕೇಳುವಾಗ

ಟರ್ಮಿನೇಶನ್ ಹಾಕಿದಾಗಲೂ ಅದೇ ದೋಷ, ಇನ್ನೊಂದು ಸರ್ವರ್‌ಗೆ ಅದೇ ಕೇಬಲ್ ಕೊಟ್ಟಾಗಲೂ ಅದೇ ದೋಷ ಎಂದರೆ ಡಿಜಿಟೈಜರ್‌ನವರನ್ನು ಕರೆಯುವ ಹೊತ್ತು ಬಂದಿದೆ. ಕಂಪ್ಯೂಟರ್ ಕಡೆಯ ಕೈಚಳಕ ಅಲ್ಲಿಗೆ ಮುಟ್ಟುವುದಿಲ್ಲ. ಆರಂಭದಲ್ಲಿ ಎತ್ತಿಟ್ಟ ಆ ಒಂದು ಸೆಕೆಂಡಿನ ಕಚ್ಚಾ ದತ್ತಾಂಶ, ನಾಲ್ಕು ಎಣಿಕೆಗಳ ಮೊದಲಿನ ಮತ್ತು ಆಮೇಲಿನ ಬೆಲೆ, ದೋಷ ಕಂಡ ನಿಖರ ಹೊತ್ತು, ಅದಕ್ಕೂ ಮೊದಲು ಕೊನೆಯದಾಗಿ ಏನನ್ನು ಬದಲಿಸಲಾಯಿತು ಎಂಬ ವಿವರ, ಇಷ್ಟನ್ನು ಅವರ ಕೈಗೆ ಕೊಡಿ.